ಆರು ರನ್ನಿನ ಲೆಕ್ಕ

ಭಾರತ ಪಾಕಿಸ್ತಾನದ ಎದುರು ಸೋತಾಗ ದುಃಖಪಡೋದು ಸುಲಭ. ಜೊತೆಗೆ ಜನ ಇರ್ತಾರೆ. ಆಟೋದವನು ಮೀಟರ್ ಹಾಕೋಕೆ ಮುಂಚೆ ಕ್ಯಾಪ್ಟನ್‌ಗೆ ಬೈದು ಮುಗಿಸಿರ್ತಾನೆ. ಹೋಟೆಲ್‌ನಲ್ಲಿ ಪಕ್ಕದ ಟೇಬಲ್ಲಿನವರು ಪರಿಚಯವಿಲ್ಲದಿದ್ದರೂ ನಮ್ಮ ಕಡೆ ತಿರುಗಿ ತಲೆ ಅಲ್ಲಾಡಿಸ್ತಾರೆ. ಟಿವಿಯಲ್ಲಿ ನಾಲ್ಕು ಜನ ಕೂತು ರಾತ್ರಿ ಹನ್ನೊಂದರ ತನಕ ಪೋಸ್ಟ್‌ಮಾರ್ಟಂ ಮಾಡ್ತಾರೆ. ಊರೇ ಸೂತಕದಲ್ಲಿರುವಾಗ ನಮ್ಮೊಬ್ಬರ ಅಳು ಯಾರಿಗೂ ವಿಚಿತ್ರ ಅನ್ನಿಸಲ್ಲ.

ರಣಜಿ ಟ್ರೋಫಿಯಲ್ಲಿ ಕರ್ನಾಟಕ ಸೋತರೆ ಈ ಸೌಲಭ್ಯ ಇಲ್ಲ. ಮಾರನೇ ದಿನ ಆಫೀಸಲ್ಲಿ ಮುಖ ಸಪ್ಪಗಿದ್ದರೆ "ಯಾಕ್ರೀ, ಹುಷಾರಿಲ್ವಾ?" ಅಂತ ಕೇಳ್ತಾರೆ. ಕಾರಣ ಹೇಳಿದರೆ "ರಣಜಿ ಇನ್ನೂ ಆಡ್ತಾರಾ?" ಅಂತ ಮತ್ತೊಂದು ಪ್ರಶ್ನೆ. ಅಲ್ಲಿಗೆ ಮಾತು ಮುಗೀತು. ಒಬ್ಬರೇ ಅನುಭವಿಸಬೇಕಾದ ದುಃಖ ಅದು, ಹಲ್ಲುನೋವಿನ ಹಾಗೆ.

ನನ್ನ ಮಟ್ಟಿಗೆ ಆ ಹಲ್ಲುನೋವಿಗೆ ಒಂದು ತಾರೀಖಿದೆ. 2010ರ ಜನವರಿ 14, ಗುರುವಾರ, ಮಕರ ಸಂಕ್ರಾಂತಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಗಂಗೋತ್ರಿ ಗ್ಲೇಡ್ಸ್ ಮೈದಾನ. ರಣಜಿ ಫೈನಲ್, ಎದುರಾಳಿ ಮುಂಬೈ. ಗೆಲ್ಲೋಕೆ 338 ಬೇಕಿತ್ತು. ನಾವು 331ಕ್ಕೆ ಆಲೌಟ್. ಆರು ರನ್‌ಗಳ ಸೋಲು.

ಮುಂಬೈ ಅಂದ್ರೆ ಕರ್ನಾಟಕದವರಿಗೆ ಬರೀ ಇನ್ನೊಂದು ತಂಡ ಅಲ್ಲ. ಅಪ್ಪನ ಬಾಯಲ್ಲಿ ಅದು ಕೊನೇತನಕ 'ಬಾಂಬೆ'ನೇ. 1958-59ರಿಂದ 1972-73ರ ತನಕ ಸತತ ಹದಿನೈದು ವರ್ಷ ರಣಜಿ ಕಪ್ಪನ್ನ ಮನೆಯ ಸಾಮಾನಿನ ಹಾಗೆ ಇಟ್ಟುಕೊಂಡಿದ್ದ ತಂಡ ಅದು. ಆ ಸರಪಳಿ ಮುರಿದವರು ನಾವು. 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು ಇನ್ನೂ ಕೆಲವೇ ತಿಂಗಳಾಗಿತ್ತು. ಅದಕ್ಕೆ ಮುಂಚೆ ನಮ್ಮ ತಂಡದ ಹೆಸರೂ ಮೈಸೂರು ಅಂತಲೇ. ವಿಶ್ವನಾಥ್ 162 ಹೊಡೆದದ್ದು, ಪ್ರಸನ್ನ ಗವಾಸ್ಕರ್‌ನ ಬೌಲ್ಡ್ ಮಾಡಿದ್ದು, ವಾಡೇಕರ್ ಓಡುವಾಗ ಕಾಲು ಜಾರಿ ರನೌಟ್ ಆದದ್ದು, ಇದನ್ನೆಲ್ಲ ಅಪ್ಪ ನಮಗೆ ಎಷ್ಟು ಸಲ ಹೇಳಿದ್ದರೆಂದರೆ, ವಾಡೇಕರ್ ನಮ್ಮ ಹಿತ್ತಲಲ್ಲೇ ಜಾರಿ ಬಿದ್ದ ಹಾಗೆ ನನಗೆ ನೆನಪಿದೆ. 1982ರ ಸೆಮಿಫೈನಲ್‌ನಲ್ಲಿ ರಘುರಾಮ್ ಭಟ್ಟರ ಸ್ಪಿನ್ ತಡೆಯೋಕೆ ಗವಾಸ್ಕರ್ ಎಡಗೈಯಲ್ಲಿ ಬ್ಯಾಟ್ ಮಾಡಿದ್ದು ಇನ್ನೊಂದು ಕತೆ. "ಅಂಥಾ ಗವಾಸ್ಕರ್‌ಗೇ ಕೈ ಬದಲಾಯಿಸೋ ಹಾಗೆ ಮಾಡಿದ್ವಿ" ಅಂತ ಅಪ್ಪ ಹೇಳುವಾಗ, ಬೌಲ್ ಮಾಡಿದ್ದು ಅವರೇ ಏನೋ ಅನ್ನಿಸಬೇಕು.

ಇಂಥ ಮನೆಯಿಂದ ನಮ್ಮಕ್ಕ ಮುಂಬೈಗೆ ಮದುವೆಯಾಗಿ ಹೋದಳು. ಭಾವನ ಮೂಲ ಉಡುಪಿ ಕಡೆ. ಆದರೆ ಹುಟ್ಟಿದ್ದು, ಓದಿದ್ದು, ಕೆಲಸ ಹಿಡಿದದ್ದು ಎಲ್ಲಾ ಮುಂಬೈಯಲ್ಲೇ. ಅವರಪ್ಪ ಮಾಟುಂಗದ ಒಂದು ಹೋಟೆಲಲ್ಲಿ ಗಲ್ಲಾದ ಮೇಲೆ ಕೂತು ಸಂಸಾರ ಸಾಗಿಸಿದವರು. ಮನೆಯಲ್ಲಿ ಕನ್ನಡ, ತುಳು, ಬೀದಿಯಲ್ಲಿ ಮರಾಠಿ, ಕ್ರಿಕೆಟ್ಟಲ್ಲಿ ಮುಂಬೈ. ಅದು ನಮಗೆ ಗೊತ್ತಾದದ್ದು ಮದುವೆ ಆದಮೇಲೆ. ಮೊದಲ ದೀಪಾವಳಿಗೆ ಬಂದಾಗ ಅಪ್ಪ ಎಂದಿನಂತೆ 1974ರ ಕತೆ ತೆಗೆದರು. ಭಾವ ಪೂರ್ತಿ ಕೇಳಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅವತ್ತು ನಮ್ಮಪ್ಪ ಊಟ ಮಾಡಿರಲಿಲ್ಲವಂತೆ ಮಾವ" ಅಂದರು. ಅಪ್ಪ ಒಂದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ ಅಮ್ಮನ ಕಡೆ ತಿರುಗಿ "ಅಳಿಯಂದಿರಿಗೆ ಇನ್ನೊಂದು ಹೋಳಿಗೆ ಹಾಕು" ಅಂದರು. ಅವತ್ತಿನಿಂದ ಆ ಕತೆಯನ್ನ ಭಾವನ ಮುಂದೆ ಹೇಳೋದು ನಿಲ್ಲಿಸಿಬಿಟ್ಟರು. ನಮ್ಮ ಮುಂದೆ ಮಾತ್ರ ನಿಲ್ಲಿಸಲಿಲ್ಲ.

ಅಪ್ಪ ಖಜಾನೆ ಇಲಾಖೆಯಲ್ಲಿದ್ದು ರಿಟೈರಾದವರು. ಅವರ ಪಾಲಿಗೆ ಕ್ರಿಕೆಟ್ ನೋಡೋದು ಅಂದ್ರೆ ಕ್ರಿಕೆಟ್ ಬರೆಯೋದು. ಉದ್ದನೆಯ ರೂಲ್ ಹಾಕಿದ ನೋಟ್‌ಬುಕ್ಕಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು, ಎಡಗಡೆ ಬ್ಯಾಟ್ಸ್‌ಮನ್‌ಗಳು, ಕೆಳಗೆ ಬೌಲರ್‌ಗಳು, ಒಂದೊಂದು ಚೆಂಡಿಗೂ ಒಂದು ಗುರುತು. ರೇಡಿಯೋ ಕಾಲದಿಂದಲೂ ಇದ್ದ ಅಭ್ಯಾಸ. ಮ್ಯಾಚ್ ಮುಗಿದ ಮೇಲೆ ತಾಳೆ ನೋಡೋದು. ಬ್ಯಾಟ್ಸ್‌ಮನ್‌ಗಳ ರನ್ನಿಗೆ ಇತರೆ ರನ್ ಸೇರಿಸಿದರೆ ಒಂದು ಮೊತ್ತ ಬರುತ್ತೆ. ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್‌ಬೈ ಸೇರಿಸಿದರೆ ಇನ್ನೊಂದು ಮೊತ್ತ. ವೈಡು, ನೋಬಾಲು ಬೌಲರ್ ಲೆಕ್ಕದಲ್ಲೇ ಹೋಗುತ್ತೆ. ಎರಡೂ ಮೊತ್ತ ಒಂದೇ ಆಗಬೇಕು. ಆಗದಿದ್ದರೆ ಅವರಿಗೆ ನಿದ್ದೆ ಬರಲ್ಲ.

ಫೈನಲ್ ನಮ್ಮೂರಿಗೇ ಬಂದದ್ದು ಅವರಿಗೆ ದಸರಾ ಎರಡು ಸಲ ಬಂದ ಹಾಗಾಗಿತ್ತು. 11ನೇ ತಾರೀಖಿನಿಂದ ನಾಲ್ಕೂ ದಿನ ಹೋದರು. ನಾನು ಮೊದಲ ದಿನ ಮತ್ತು ಕೊನೆಯ ದಿನ ಜೊತೆಗಿದ್ದೆ. ಕುಕ್ಕರಹಳ್ಳಿ ಕೆರೆ ಪಕ್ಕದ ಆ ಕ್ಯಾಂಪಸ್ಸಿನ ಮೈದಾನ ನೋಡಿದವರಿಗೆ ಗೊತ್ತು, ಅದು ಸ್ಟೇಡಿಯಂ ಅಲ್ಲ, ಮರಗಳ ನಡುವಿನ ಬಯಲು. ಜನ ಹುಲ್ಲಿನ ಮೇಲೆ, ಕಾಂಪೌಂಡ್ ಮೇಲೆ, ಮರದ ಕೊಂಬೆ ಮೇಲೆ ಕೂತಿದ್ದರು. ಹಾಸ್ಟೆಲ್ ಹುಡುಗರು ತಟ್ಟೆ, ಲೋಟ ತಂದು ಬಡೀತಿದ್ದರು. ಟೆಸ್ಟ್ ಮ್ಯಾಚಿಗೂ ಜನ ಸೇರದ ಕಾಲದಲ್ಲಿ, ರಣಜಿಗೆ ಅಷ್ಟು ಜನರನ್ನ ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮುಂಬೈ ಮೊದಲ ಇನಿಂಗ್ಸ್ 233. ನಾವು 130. ಆವಿಷ್ಕಾರ್ ಸಾಳ್ವಿ ಐದು ವಿಕೆಟ್ ಕಿತ್ತು ನಮ್ಮನ್ನ ಮಲಗಿಸಿದ್ದ. ಎರಡನೇ ಇನಿಂಗ್ಸಲ್ಲಿ ನಮ್ಮ ಅಭಿಮನ್ಯು ಮಿಥುನ್ ಆರು ವಿಕೆಟ್ ತೆಗೆದ. ಆ ವರ್ಷವೇ ರಣಜಿಗೆ ಬಂದ ಹುಡುಗ, ಆ ವರ್ಷ ದೇಶದಲ್ಲೇ ಅತಿ ಹೆಚ್ಚು ವಿಕೆಟ್ ಅವನದ್ದೇ. ಮುಂಬೈಯ ಅರ್ಧ ತಂಡ ಬೇಗ ಪೆವಿಲಿಯನ್ ಸೇರಿತ್ತು. ಆಗ ಅಡ್ಡ ನಿಂತವನು ಧವಳ್ ಕುಲಕರ್ಣಿ ಅನ್ನೋ ಬೌಲರ್. ಬೌಲರ್, ಗಮನಿಸಿ. 87 ಹೊಡೆದ. ಅಪ್ಪ ಅವನ ಹೆಸರಿನ ಮುಂದೆ ಗುರುತು ಹಾಕಿ ಹಾಕಿ ಸುಸ್ತಾಗಿ, "ಹೆಸರು ನೋಡಿದ್ರೆ ನಮ್ಮ ಧಾರವಾಡದ ಕಡೆಯೋನ ಥರ ಇದಾನೆ. ಕುಲಕರ್ಣಿ ಅಂದ್ರೆ ಊರಿನ ಲೆಕ್ಕ ಬರೆಯೋನು. ಇವತ್ತು ನಮ್ಮ ಲೆಕ್ಕ ತೀರಿಸ್ತಾ ಇದಾನೆ ನೋಡು" ಅಂದಿದ್ದರಂತೆ. ಅಂತೂ 234ಕ್ಕೆ ಮುಂಬೈ ಮುಗಿದು, ನಮಗೆ 338ರ ಗುರಿ.

ಸಂಕ್ರಾಂತಿ ಬೆಳಗ್ಗೆ ಅಮ್ಮ "ಹಬ್ಬದ ದಿನಾನೂ ಗ್ರೌಂಡೇನಾ?" ಅಂತ ಗೊಣಗಿದಳು. ಎಂಟು ಗಂಟೆಗೇ ಪೊಂಗಲ್ ತಿಂದು, ಡಬ್ಬಿಗೆ ಅವರೆಕಾಳು ಉಪ್ಪಿಟ್ಟು ಹಾಕಿಸಿಕೊಂಡು ಹೊರಟೆವು. ಕ್ರೀಸಲ್ಲಿ ಮನೀಶ್ ಪಾಂಡೆ, ಗಣೇಶ್ ಸತೀಶ್. ಪಾಂಡೆಗೆ ಆಗ ಇಪ್ಪತ್ತೇ ವರ್ಷ. ಹಿಂದಿನ ಬೇಸಿಗೆಯಲ್ಲಷ್ಟೇ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಅನ್ನಿಸಿಕೊಂಡಿದ್ದ. ಇಬ್ಬರೂ ಸೇರಿ ಇನ್ನೂರಕ್ಕೂ ಹೆಚ್ಚು ರನ್ ಸೇರಿಸಿದರು. ಅವರು ಆಡುವ ತನಕ ಗುರಿ ಅನ್ನೋದು ಬರೀ ಕಳೆಯೋ ಲೆಕ್ಕ. ನೂರೈವತ್ತು ಬೇಕು, ನೂರು ಬೇಕು. ನನ್ನ ಪಕ್ಕ ಕೂತಿದ್ದ ಅಪರಿಚಿತರೊಬ್ಬರು ಜೇಬಿಂದ ಎಳ್ಳುಬೆಲ್ಲದ ಪೊಟ್ಟಣ ತೆಗೆದು ಸುತ್ತಲಿದ್ದವರಿಗೆಲ್ಲ ಹಂಚಿದರು.

ಸತೀಶ್ 75ಕ್ಕೆ ಹೋದ. ಪಾಂಡೆ 144ಕ್ಕೆ ಹೋದ. ಆಮೇಲೆ ಅಜಿತ್ ಅಗರ್ಕರ್. ಭಾರತ ತಂಡದಿಂದ ಹೊರಗುಳಿದು ವರ್ಷಗಳಾಗಿದ್ದ, ನಾವೆಲ್ಲ ಮುಗಿದೇಹೋದ ಅಂದುಕೊಂಡಿದ್ದ ಆ ಸಣಕಲು ಮನುಷ್ಯ ಐದು ವಿಕೆಟ್ ತೆಗೆದ. ಒಂದೊಂದು ವಿಕೆಟ್ ಬಿದ್ದಾಗಲೂ ಹಾಸ್ಟೆಲ್ ಹುಡುಗರ ತಟ್ಟೆ ಸದ್ದು ಸ್ವಲ್ಪ ಸ್ವಲ್ಪ ಕಮ್ಮಿಯಾಯಿತು. ಇಪ್ಪತ್ತು ಬೇಕು, ಹದಿನೈದು ಬೇಕು, ಹತ್ತು ಬೇಕು. ಕೊನೆಯ ವಿಕೆಟ್ ಬಿದ್ದಾಗ ಇನ್ನೂ ಏಳು ಬೇಕಿತ್ತು. ಅಷ್ಟು ಸಾವಿರ ಜನ ಒಟ್ಟಿಗೆ ಸುಮ್ಮನಾದರೆ ಹೇಗಿರುತ್ತೆ ಅಂತ ನನಗೆ ಅವತ್ತು ಗೊತ್ತಾಯಿತು. ಮೈದಾನದ ನಡುವೆ ಮುಂಬೈ ಹುಡುಗರು ಕಿರುಚುತ್ತಾ ತಬ್ಬಿಕೊಳ್ಳೋದು ಇಲ್ಲಿಗೆ ಸ್ಪಷ್ಟವಾಗಿ ಕೇಳಿಸ್ತಿತ್ತು. ಅದು ಅವರ 39ನೇ ಕಪ್. ನಮ್ಮದು ಆಗ ಒಟ್ಟು ಆರೇ ಆರು, ಕೊನೆಯದು ಬಂದು ಹನ್ನೊಂದು ವರ್ಷ ಆಗಿತ್ತು.

ವಾಪಸ್ ನಡೆದು ಬರುವ ದಾರಿಯಲ್ಲಿ ಎಲ್ಲರೂ ಕಾರಣ ಹುಡುಕುತ್ತಿದ್ದರು. ಸೋತ ತಕ್ಷಣ ಮನುಷ್ಯ ಮಾಡೋ ಮೊದಲ ಕೆಲಸವೇ ಅದು. ದ್ರಾವಿಡ್ ಇದ್ದಿದ್ದರೆ ಅಂತ ಒಬ್ಬ. ಭಾರತ ತಂಡದ ಜೊತೆ ಬಾಂಗ್ಲಾದೇಶಕ್ಕೆ ಹೋಗಿದ್ದರು ದ್ರಾವಿಡ್; ಸಚಿನ್ನೂ ಅಲ್ಲೇ ಇದ್ದರು ಅನ್ನೋದನ್ನ ಯಾರೂ ನೆನಪಿಸಲಿಲ್ಲ. ಮೊದಲ ಇನಿಂಗ್ಸಲ್ಲಿ ಇನ್ನೊಂದು ಹತ್ತು ಸೇರಿಸಿದ್ದರೆ ಅಂತ ಇನ್ನೊಬ್ಬ. ಗುರುವಾರ ರಾಹುಕಾಲ ಒಂದೂವರೆಯಿಂದ ಮೂರು, ಆ ಹೊತ್ತಲ್ಲಿ ಎಚ್ಚರಿಕೆಯಿಂದ ಆಡಬೇಕಿತ್ತು ಅಂತ ಮತ್ತೊಬ್ಬರು. ಮಾರನೇ ದಿನ ಸೂರ್ಯಗ್ರಹಣ ಇತ್ತು. ನಮ್ಮ ಬೀದಿಯ ಹಿರಿಯರೊಬ್ಬರು ಇಡೀ ಸೋಲನ್ನ ಅದರ ತಲೆಗೆ ಕಟ್ಟಿದರು. ಗ್ರಹಣ ಮುಂಬೈಗೂ ಇತ್ತಲ್ಲ ಅಂದರೆ "ಅವರ ರಾಶಿ ಬೇರೆ" ಅಂದರು.

ನಾನು ಆರು ರನ್ ಹುಡುಕುತ್ತಿದ್ದೆ. ಈ ಕಾಯಿಲೆ ಇರುವವರಿಗೆ ಮಾತ್ರ ಇದು ಅರ್ಥ ಆಗೋದು. ಐವತ್ತು ರನ್‌ಗಳಿಂದ ಸೋತರೆ ಹುಡುಕೋ ಪ್ರಶ್ನೆ ಇಲ್ಲ, ಸೋತೆವು ಅಷ್ಟೇ. ಆರು ಅಂದ್ರೆ ಹಾಗಲ್ಲ. ಎರಡು ಇನಿಂಗ್ಸಿನ 461 ರನ್ನಲ್ಲಿ, ಅವರ 467 ರನ್ನಲ್ಲಿ, ಆರು ಎಲ್ಲಿ ಬೇಕಾದರೂ ಅಡಗಿರಬಹುದು. ಬೌಂಡರಿ ಗೆರೆ ಹತ್ತಿರ ಕೈಗೆ ತಗಲಿ ಜಾರಿದ ಒಂದು ಚೆಂಡು. ಓಡಬಹುದಿತ್ತು ಅನ್ನಿಸಿದ ಒಂದು ಎರಡನೇ ರನ್. ಕುಲಕರ್ಣಿಯ ಬ್ಯಾಟಿನ ಅಂಚಿಗೆ ತಾಗಿ ಸ್ಲಿಪ್ ನಡುವೆ ಹೋದದ್ದು. ಬಿಟ್ಟುಕೊಟ್ಟ ನೋಬಾಲು. ಹುಡುಕಿದರೆ ಆರಲ್ಲ, ಅರವತ್ತು ಸಿಗುತ್ತೆ. ಅಷ್ಟೇ ಪ್ರಾಮಾಣಿಕವಾಗಿ ಮುಂಬೈಯವನೊಬ್ಬ ಹುಡುಕಿದರೆ ಅವನಿಗೂ ಅರವತ್ತು ಸಿಗುತ್ತೆ ಅನ್ನೋದು ಆ ಹೊತ್ತಲ್ಲಿ ತಲೆಗೆ ಹೋಗಲ್ಲ.

ಸಂಜೆ ಬೀದಿ ತುಂಬಾ ಹೊಸ ಬಟ್ಟೆ ಹಾಕಿಕೊಂಡ ಹೆಣ್ಣುಮಕ್ಕಳು ಎಳ್ಳು ಬೀರೋಕೆ ಓಡಾಡುತ್ತಿದ್ದರು. "ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಪಕ್ಕದ ಮನೆ ಪುಟ್ಟಿ ನನ್ನ ಕೈಗೆ ಸಕ್ಕರೆ ಅಚ್ಚು ಇಟ್ಟಳು. ಒಳ್ಳೆ ಮಾತು ನನ್ನ ಹತ್ತಿರ ಒಂದೂ ಇರಲಿಲ್ಲ. ಅಜಿತ್ ಅಗರ್ಕರ್ ಬಗ್ಗೆ ಅಂತೂ ಇರಲೇ ಇಲ್ಲ.

ಎಂಟು ಗಂಟೆಗೆ ಫೋನ್ ಬಂತು. ಡೊಂಬಿವಿಲಿಯಿಂದ. ನಾನು ತೆಗೆಯಲಿಲ್ಲ, ಅಪ್ಪ ತೆಗೆದರು. ಆ ಕಡೆ ಭಾವ. "ತಿಳ್‌ಗುಳ್ ಘ್ಯಾ, ಗೋಡ್ ಗೋಡ್ ಬೋಲಾ" ಅಂದದ್ದು ಸ್ಪೀಕರಲ್ಲಿ ಇಲ್ಲಿಗೂ ಕೇಳಿಸಿತು. ಎಳ್ಳುಂಡೆ ತಗೊಳ್ಳಿ, ಸಿಹಿಸಿಹಿಯಾಗಿ ಮಾತಾಡಿ ಅಂತ. ನಮ್ಮದೇ ಮಾತು, ಮರಾಠಿಯಲ್ಲಿ. ಈಗ ಶುರುವಾಗುತ್ತೆ ಅಂತ ನಾನು ಹಲ್ಲು ಕಚ್ಚಿ ಕೂತೆ. ಏನೂ ಶುರುವಾಗಲಿಲ್ಲ. ಅಪ್ಪನ ಬೀಪಿ ಮಾತ್ರೆ ಬದಲಾಯಿಸಿದ್ದರ ಬಗ್ಗೆ ಕೇಳಿದರು. ಬೇಸಿಗೆಗೆ ರೈಲು ಬುಕ್ ಮಾಡೋ ವಿಷಯ ಮಾತಾಡಿದರು. ಗ್ರಹಣದ ದಿನ ಮಗಳಿಗೆ ಸ್ಕೂಲ್ ಇದೆ, ಅಕ್ಕ ಕಳಿಸಲ್ಲ ಅಂತ ಕೂತಿದ್ದಾಳೆ ಅಂದರು. ಇಪ್ಪತ್ತು ನಿಮಿಷ. ಇಡೋಕೆ ಮುಂಚೆ ಮಾತ್ರ, ಸ್ವಲ್ಪ ತಡೆದು, "ಆ ಹುಡುಗ ಪಾಂಡೆ ಚಂದ ಆಡಿದ ಮಾವ" ಅಂದರು.

ಅಪ್ಪ ಅಂದದ್ದು: "ನಿಮ್ಮ ಕುಲಕರ್ಣಿನೂ."

ಅಷ್ಟೇ. ಗೆದ್ದವನು ಸೋತವನ ಮನೆಗೆ ಫೋನ್ ಮಾಡಿದರೆ ಹೇಗೆ ಮಾತಾಡಬೇಕು ಅನ್ನೋದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಅದು. ಸಮಾಧಾನ ಹೇಳಿದ್ದರೂ ಮೈ ಉರೀತಿತ್ತು, ಛೇಡಿಸಿದ್ದರೆ ಕೇಳೋದೇ ಬೇಡ. ಮೂವತ್ತಾರು ವರ್ಷದ ಹಿಂದೆ ಊಟ ಬಿಟ್ಟ ಒಬ್ಬ ಮನುಷ್ಯನ ಮಗ ಅನ್ನೋದು ಅವರಿಗೆ ನೆನಪಿತ್ತು ಅಂತ ಕಾಣುತ್ತೆ.

ರಾತ್ರಿ ಅಪ್ಪ ಊಟದ ಟೇಬಲ್ ಮೇಲೆ ನೋಟ್‌ಬುಕ್ ಬಿಚ್ಚಿ ಕೂತರು. ನಾನು ಎದುರಿಗೆ. ಬ್ಯಾಟಿಂಗ್ ಕಡೆಯಿಂದ 331 ಸರಿಯಾಗಿ ಬಂತು. ಬೌಲಿಂಗ್ ಕಡೆಯಿಂದ 329. ಎರಡು ರನ್ ತಾಳೆ ಇಲ್ಲ. ಹೇಳಿದರೆ ನಗ್ತೀರಿ, ನನ್ನೊಳಗೆ ಒಂದು ಹುಚ್ಚು ಆಸೆ ಹುಟ್ಟಿತು. ಎರಡು ತಪ್ಪಿರಬಹುದಾದರೆ ಇನ್ನೂ ನಾಲ್ಕು ಯಾಕೆ ತಪ್ಪಿರಬಾರದು? ಆ ಅಧಿಕೃತ ಸ್ಕೋರರ್‌ಗಳೂ ಮನುಷ್ಯರೇ ಅಲ್ಲವಾ? ಕಪ್ ಈಗಾಗಲೇ ಮುಂಬೈಗೆ ಹೋಗುವ ಬಸ್ಸಲ್ಲಿತ್ತು, ನಾನು ಸರಸ್ವತೀಪುರಂನ ಊಟದ ಟೇಬಲ್ ಮೇಲೆ ಅದನ್ನ ಗೆಲ್ಲೋಕೆ ಹೊರಟಿದ್ದೆ.

ಅಪ್ಪ ಓವರ್ ಓವರಾಗಿ ಬೆರಳಿಟ್ಟು ಬಂದರು. ಮುಕ್ಕಾಲು ಗಂಟೆ ಆದಮೇಲೆ ಸಿಕ್ಕಿತು. ಒಂದು ಎರಡು ರನ್ನು ಬ್ಯಾಟ್ಸ್‌ಮನ್ ಹೆಸರಿಗೆ ಬರೆದಿದ್ದರು, ಬೌಲರ್ ಹೆಸರಿಗೆ ಬರೆದಿರಲಿಲ್ಲ. ಮುಂದಿದ್ದವರು ಎದ್ದು ನಿಂತು ಕೂಗುವಾಗ ಬಿಟ್ಟುಹೋಗಿರಬೇಕು. ಬರೆದರು. 331, 331. ಕೆಳಗೆ ಎರಡು ಗೆರೆ ಎಳೆದು ಪೆನ್ನಿನ ಕ್ಯಾಪ್ ಹಾಕಿದರು.

"ತಾಳೆ ಆಯ್ತು. ನಾವು ಸೋತಿದೀವಿ. ಹೋಗಿ ಮಲ್ಕೋ" ಅಂದರು.

ನನಗೆ ಸಿಟ್ಟು ಬಂತು. ಇಷ್ಟೇನಾ ಅನ್ನಿಸಿತು. "ನಿಮಗೆ ಬೇಜಾರಾಗಲ್ವಾಪ್ಪ?" ಅಂದೆ. ಅವರು 1982ರ ಫೈನಲ್ ನೆನಪಿಸಿದರು. ಡೆಲ್ಲಿಯ ಕೋಟ್ಲಾದಲ್ಲಿ ನಾವು 705 ಹೊಡೆದಿದ್ದೆವು. ಡೆಲ್ಲಿ 589ಕ್ಕೆ ಎಂಟು. ಅಲ್ಲಿಂದ ರಾಕೇಶ್ ಶುಕ್ಲಾ, ರಾಜೇಶ್ ಪೀಟರ್ ಅನ್ನೋ ಇಬ್ಬರು ನಿಂತು, ಇನ್ನೊಂದು ವಿಕೆಟ್ ಬೀಳದ ಹಾಗೆ 707 ಮಾಡಿ, ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕಪ್ ತಗೊಂಡು ಹೋದರು. "ಏಳುನೂರೈದು ಹೊಡೆದೂ ಸೋತೋರು ಕಣಪ್ಪ ನಾವು. ಬೇಜಾರು ಆಗೇ ಆಗುತ್ತೆ. ಮುಂದಿನ ವರ್ಷ ಬಾಂಬೆಗೇ ಹೋಗಿ ಫೈನಲ್ ಗೆದ್ವಿ, ಖುಷಿ ಆಯ್ತು. ಆದ್ರೆ ಆ 707 ಹೋಗಲಿಲ್ಲ. ಖಜಾನೆಯಲ್ಲಿ ನಿನ್ನೆ ಉಳಿದದ್ದನ್ನ ಇವತ್ತಿಗೆ ಆರಂಭ ಶಿಲ್ಕು ಅಂತ ತರ್ತೀವಿ. ಕ್ರಿಕೆಟ್ಟಲ್ಲಿ ಆರಂಭ ಶಿಲ್ಕು ಇಲ್ಲ. ಪ್ರತಿ ಮ್ಯಾಚೂ ಸೊನ್ನೆಯಿಂದಲೇ ಶುರು."

ಮಾರನೇ ದಿನ ಗ್ರಹಣ. ಮಧ್ಯಾಹ್ನದ ಬಿಸಿಲು ಹಳದಿಗಟ್ಟಿ ಸಂಜೆಯ ಹಾಗಾಯಿತು. ಬೀದಿಯಲ್ಲಿ ಜನ ಇಲ್ಲ, ಮನೆಯಲ್ಲಿ ಒಲೆ ಹಚ್ಚಲಿಲ್ಲ, ಬಿಡುವ ತನಕ ಯಾರಿಗೂ ಊಟ ಇಲ್ಲ. ನನಗೆ ಅನುಕೂಲವೇ ಆಯಿತು. ಹೇಗೂ ಊಟ ಸೇರುತ್ತಿರಲಿಲ್ಲ, ಯಾಕೆ ಅಂತ ಯಾರೂ ಕೇಳಲಿಲ್ಲ.

ಆಮೇಲಿನದ್ದು ನಿಮಗೆ ಗೊತ್ತಿರಬಹುದು. 2014ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನ ಸೋಲಿಸಿ ಕರ್ನಾಟಕ ಮತ್ತೆ ರಣಜಿ ಗೆದ್ದಿತು. ಹದಿನೈದು ವರ್ಷ ಆಗಿತ್ತು. ಆ ಸಂಜೆ ನಾನು ಮೊಬೈಲ್ ಕೈಗೆ ತಗೊಂಡು, ಮನೆಯ ಲ್ಯಾಂಡ್‌ಲೈನ್ ನಂಬರ್ ಒತ್ತಿ, ಅರ್ಧಕ್ಕೆ ನಿಲ್ಲಿಸಿದೆ. ಅಪ್ಪ ಹೋಗಿ ಅಷ್ಟೊತ್ತಿಗೆ ಎರಡು ವರ್ಷ ಆಗುತ್ತಾ ಬಂದಿತ್ತು. ಅವರು ಕಂಡ ಕೊನೆಯ ಕಪ್ 1999ರದ್ದು. ಮೈಸೂರಿನ ಆ ಆರು ರನ್ ನಮ್ಮ ಕಡೆ ಬಿದ್ದಿದ್ದರೆ ಇನ್ನೊಂದನ್ನ, ಅದೂ ಕಣ್ಣೆದುರಿಗೇ, ನೋಡುತ್ತಿದ್ದರು. ನನ್ನ ಹಲ್ಲುನೋವು ಇಷ್ಟು ವರ್ಷ ಹೋಗದೇ ಇರೋದಕ್ಕೆ ಕಾರಣ ಅಗರ್ಕರ್ ಅಲ್ಲ, ಇದು.

ಹೀಗಾಗಿ 2015ರ ಫೆಬ್ರವರಿಯಲ್ಲಿ, ಸೆಮಿಫೈನಲ್‌ನಲ್ಲಿ ಮುಂಬೈ ಚಿನ್ನಸ್ವಾಮಿ ಸ್ಟೇಡಿಯಮ್ಮಿಗೆ ಬಂದು ಮೊದಲ ಇನಿಂಗ್ಸಲ್ಲಿ 44ಕ್ಕೆ ಆಲೌಟ್ ಆದಾಗ, ಗೆಳೆಯರೆಲ್ಲ "ಸೇಡು ತೀರ್ತು!" ಅಂತ ಮೆಸೇಜ್ ಕಳಿಸಿದರೂ ನನಗೆ ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ. ಖುಷಿ ಆಗಲಿಲ್ಲ ಅಂದ್ರೆ ಸುಳ್ಳು. ಕುಣಿದಿದ್ದೆ. ಮೈಸೂರಲ್ಲಿ ಸೋತಿದ್ದ ವಿನಯ್ ಕುಮಾರ್ ಆಗ ಕ್ಯಾಪ್ಟನ್, ಅವನೇ ಆರು ವಿಕೆಟ್ ತೆಗೆದಿದ್ದ. ಮಿಥುನ್ನೂ ಇದ್ದ, ಪಾಂಡೆಯೂ ಇದ್ದ. ಅವರಿಗೆ ಸೇಡು ತೀರಿದ್ದರೆ ಅದು ಅವರ ಹಕ್ಕು. ಆದರೆ ನಲವತ್ತನಾಲ್ಕನ್ನ ತಗೊಂಡು ಹೋಗಿ ಆ ಆರಕ್ಕೆ ಜಮಾ ಮಾಡೋಕೆ ಜಾಗ ಎಲ್ಲಿದೆ? ಅಪ್ಪ ಹೇಳಿದ್ದು ಸರಿ, ಅದು ಬೇರೆ ಪುಟ. ಗೆದ್ದದ್ದು ಗೆದ್ದೆವು, ಸೋತದ್ದು ಸೋತೆವು. ಎರಡೂ ಪಕ್ಕಪಕ್ಕ ಇರುತ್ತೆ, ಒಂದು ಇನ್ನೊಂದನ್ನ ಅಳಿಸಲ್ಲ. ಇದು ಅರ್ಥ ಆದಮೇಲೆ ನೋವು ಕಮ್ಮಿ ಆಗುತ್ತೆ ಅಂತಲ್ಲ. ಆರು ರನ್ ಹುಡುಕೋದು ಮಾತ್ರ ನಿಲ್ಲುತ್ತೆ.

ಮ್ಯಾಚ್ ಮುಗಿದ ಸಂಜೆ ನಾನೇ ಡೊಂಬಿವಿಲಿಗೆ ಫೋನ್ ಮಾಡಿದೆ. ಅಕ್ಕ ತೆಗೆದು, "ನಿಮ್ಮ ಭಾವ ಬಾಲ್ಕನಿಯಲ್ಲಿದಾರೆ, ಮಾತಾಡಿಸೋಕೆ ಹೋಗಬೇಡ" ಅಂದಳು. ಕೊಡು ಅಂದೆ. ಸೊಸೆಯ ಪರೀಕ್ಷೆ ಬಗ್ಗೆ ಕೇಳಿದೆ. ಅವರ ಮೊಣಕಾಲು ನೋವಿನ ಬಗ್ಗೆ ಕೇಳಿದೆ. ಮುಂಬೈಯ ಸೆಖೆಯ ಬಗ್ಗೆ ಹತ್ತು ನಿಮಿಷ ಮಾತಾಡಿದೆವು. ಇಡುವಾಗ "ಎರಡನೇ ಇನಿಂಗ್ಸಲ್ಲಿ 332 ಹೊಡೆದ್ರಲ್ಲ ಭಾವ, ಸುಲಭಕ್ಕೆ ಬಿಡಲಿಲ್ಲ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನಲವತ್ತನಾಲ್ಕು ಮಾರಾಯ" ಅಂದರು. "ಬಸ್ ನಂಬರ್ ಇದ್ದ ಹಾಗೆ ಉಂಟು."

ಇಬ್ಬರೂ ನಕ್ಕೆವು.

ಒಂದು ವಾರ ಬಿಟ್ಟು ಫೈನಲ್. ತಮಿಳುನಾಡಿನ ಮೇಲೆ, ವಾಂಖೆಡೆಯಲ್ಲಿ. ಮುಂಬೈ ಇಲ್ಲದ ಫೈನಲ್ ಮುಂಬೈಯಲ್ಲಿ. ಮೂರನೇ ದಿನ ಮಧ್ಯಾಹ್ನ ಭಾವನ ಫೋನ್. ಹಿಂದೆ ಗಾಳಿ ಸದ್ದು, ಎಲ್ಲೋ ದೂರದಲ್ಲಿ ನಾಲ್ಕು ಚಪ್ಪಾಳೆ. ಡೊಂಬಿವಿಲಿಯಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಚರ್ಚ್‌ಗೇಟಲ್ಲಿ ಇಳಿದು, ಆ ಮೊಣಕಾಲು ಎಳೆದುಕೊಂಡು ಸ್ಟೇಡಿಯಮ್ಮಿಗೆ ಬಂದಿದ್ದರು. ಇಡೀ ಸ್ಟ್ಯಾಂಡ್ ಖಾಲಿಯಂತೆ. ಕರುಣ್ ನಾಯರ್ ಆಡುತ್ತಲೇ ಇದ್ದಾನೆ, ಔಟಾಗುವ ಹಾಗೆ ಕಾಣಲ್ಲ ಅಂದರು. ಆ ಹುಡುಗ ಕೊನೆಗೆ 328 ಹೊಡೆದ. ವಿನಯ್ ಐದು ವಿಕೆಟ್ ತೆಗೆದು ಶತಕವನ್ನೂ ಹೊಡೆದ. ನಾವು ಇನಿಂಗ್ಸ್ ಮತ್ತು 217 ರನ್‌ಗಳಿಂದ ಗೆದ್ದೆವು.

"ಅಲ್ಲ ಭಾವ, ನೀವು ಯಾರಿಗೆ ಚಪ್ಪಾಳೆ ಹೊಡೀತಿದೀರಿ?" ಅಂತ ಕೇಳಿದೆ.

"ಎಂತ ಪ್ರಶ್ನೆ ಅದು? ಮುಂಬೈ ಇಲ್ಲದ ಮೇಲೆ ಮತ್ಯಾರಿಗೆ?" ಅಂದರು. ಆಮೇಲೆ ಸ್ವಲ್ಪ ಗಂಟಲು ಸರಿಮಾಡಿಕೊಂಡು, "ಮಾವ ಇದ್ದಿದ್ದರೆ ಇಲ್ಲಿಗೇ ಕರ್ಕೊಂಡು ಬರ್ತಿದ್ದೆ. ಆ ಪುಸ್ತಕ ಹಿಡ್ಕೊಂಡು ಕೂರಲಿಕ್ಕೆ ಎಷ್ಟು ಜಾಗ ಉಂಟು ಗೊತ್ತುಂಟಾ ಇಲ್ಲಿ" ಅಂದರು.

ನಾನು ಹ್ಞೂಂ ಅಂದೆ.

"ಸರಿ, ಇಡ್ತೇನೆ. ಬರುವ ವರ್ಷ ಮುಂಬೈ ಸಿಕ್ಕಲಿ ನಿಮಗೆ. ಆಗ ನೋಡುವ."